ಅಮೆರಿಕದ ಗಡಿಯಾರವೂ ಆಶ್ಲೇಷಾ ನಕ್ಷತ್ರವೂ

ನನ್ನ ಬಳಿ ಹನ್ನೊಂದು ಗಡಿಯಾರಗಳಿವೆ. ಟೈಮೆಷ್ಟು ಅಂತ ಮಾತ್ರ ನನ್ನನ್ನು ಕೇಳಬೇಡಿ. ಹನ್ನೊಂದರಲ್ಲಿ ನಾಲ್ಕು ಓಡುತ್ತವೆ, ಮೂರು ನಡೆಯುತ್ತವೆ, ಎರಡು ಮನಸ್ಸು ಬಂದರೆ ಎದ್ದು ಕೂರುತ್ತವೆ, ಇನ್ನೆರಡು ಎಷ್ಟೋ ದಿನದಿಂದ ಧ್ಯಾನದಲ್ಲಿವೆ. ಎಲ್ಲವೂ ಜೇಬುಗಡಿಯಾರಗಳು, ಸರಪಳಿ ಹಾಕಿ ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳುವಂಥವು. ನನ್ನ ಹತ್ತಿರ ಕೋಟಿಲ್ಲ. ಮದುವೆಗೆ ಹೊಲಿಸಿದ್ದ ಒಂದು ಕೋಟಿತ್ತು, ಅದರ ಗುಂಡಿ ಹಾಕಿಕೊಂಡು ಉಸಿರಾಡುವುದು ಬಿಟ್ಟು ಇಪ್ಪತ್ತು ವರ್ಷವಾಯಿತು.

ವಿಜಯನಗರದಲ್ಲಿ ಬೆಳಿಗ್ಗೆ ಪಾರ್ಕಿನಲ್ಲಿ ನನ್ನ ಜೊತೆ ನಡೆಯುವವರಿಗೆಲ್ಲ ಈ ಹುಚ್ಚು ಗೊತ್ತು. ಒಬ್ಬರು ಒಮ್ಮೆ ಗಡಿಯಾರವನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಎಷ್ಟು ಹೆಜ್ಜೆ ನಡೆದ್ವಿ ಅಂತ ತೋರಿಸತ್ತಾ ಸಾರ್?" ಅಂದರು. ಇನ್ನೊಬ್ಬರು ಬಿಪಿ ತೋರಿಸುತ್ತದೆಯೇ ಎಂದು ಕೇಳಿದರು. ನೂರ ಮೂವತ್ತು ವರ್ಷದ ಹಿಂದೆ ಮಾಡಿದ್ದು ಸ್ವಾಮಿ, ಅಂದರೆ, "ಹಾಗಾದ್ರೆ ಎಕ್ಸ್‌ಚೇಂಜಿಗೆ ಹಾಕಿ, ಹೊಸದು ಕೊಡ್ತಾರೆ" ಎಂಬ ಸಲಹೆ ಬಂತು. ಅಲ್ಲಿಂದಾಚೆಗೆ ನಾನು ಪಾರ್ಕಿಗೆ ಖಾಲಿ ಜೇಬಿನಲ್ಲೇ ಹೋಗುತ್ತೇನೆ.

ಇವು ಬರೀ ಹಳೇ ಗಡಿಯಾರಗಳಲ್ಲ. ಅಮೆರಿಕದವರು ಪರದೇಶಗಳಿಗೆ ಮಾರಲೆಂದೇ ಮಾಡಿದವು. ಆ ಕಾಲದಲ್ಲಿ ಇಂಗ್ಲೆಂಡಿನವರಿಗೆ ಅಮೆರಿಕದ ಸಾಮಾನು ಅಂದರೆ ಒಂಥರಾ ಅಸಡ್ಡೆ. ಅದಕ್ಕೆ ಅಮೆರಿಕದ ಕಂಪನಿಗಳು ಯಂತ್ರವನ್ನು ಮಾತ್ರ ಹಡಗಿಗೆ ಹಾಕಿ ಕಳಿಸುತ್ತಿದ್ದವು. ಇಂಗ್ಲೆಂಡಿನಲ್ಲಿ ಅದಕ್ಕೆ ಬೆಳ್ಳಿಯ ಕವಚ ತೊಡಿಸಿ, ಅಲ್ಲಿನ ಮುದ್ರೆ ಒತ್ತಿ, ಮರ್ಯಾದಸ್ಥ ಮನೆತನದ್ದೆಂಬಂತೆ ಮಾಡಿ ಮಾರುತ್ತಿದ್ದರು. ಅಂಥವು ನಮ್ಮ ದೇಶಕ್ಕೂ ಬಂದವು. ಇಲ್ಲಿನ ಅಂಗಡಿಯವನು ಗಡಿಯಾರದ ಬಿಳಿ ಮುಖದ ಮೇಲೆ ತನ್ನ ಹೆಸರನ್ನೂ ಬರೆಸಿಕೊಂಡ. ನಮ್ಮಪ್ಪನ ಗಡಿಯಾರವೂ ಇದೇ ಜಾತಿಯದು. ಒಳಗೆ ಅಮೆರಿಕ, ಹೊರಗೆ ಇಂಗ್ಲೆಂಡು, ಮುಖದ ಮೇಲೆ ಮದ್ರಾಸಿನ ಅಂಗಡಿ. ಜೇಬು ಮಾತ್ರ ರಾಜಾಜಿನಗರದ್ದು.

ಅಪ್ಪನಿಗೆ ಅದು ಬಂದದ್ದು ಅವರ ಸೋದರಮಾವನಿಂದ. ಆ ಮಾವ ರೈಲಿನಲ್ಲಿ ಗಾರ್ಡ್ ಆಗಿದ್ದರು. ಅಪ್ಪ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಒಂದು ಕಾರ್ಖಾನೆಯ ಫಿಟ್ಟರ್. ಖಾಕಿ ಪ್ಯಾಂಟಿನ ಜೇಬಿನಲ್ಲಿ ಬೆಳ್ಳಿ ಗಡಿಯಾರ ಇಟ್ಟುಕೊಂಡು ಸೈಕಲ್ಲು ತುಳಿಯುವ ಫಿಟ್ಟರ್ ಇಡೀ ಬಡಾವಣೆಗೆ ಒಬ್ಬರೇ. ನಮಗೆ ಮಕ್ಕಳಿಗೆ ಅದನ್ನು ಮುಟ್ಟಲು ಅನುಮತಿಯಿರಲಿಲ್ಲ. ದೂರದಿಂದ ದರ್ಶನ ಮಾತ್ರ, ಗರ್ಭಗುಡಿಯ ದೇವರ ಹಾಗೆ. ಅವರು ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು. ಹಿಂದಿನ ಮುಚ್ಚಳ ತೆಗೆದು ನೋಡಿದೆ. ಒಳಗಿನ ಹಿತ್ತಾಳೆಯ ತಟ್ಟೆಗಳ ಮೇಲೆ ಅಮೆರಿಕದ ಊರಿನ ಹೆಸರು, ಸುತ್ತ ಬಳ್ಳಿ ಕೆತ್ತನೆ, ನಡುವೆ ಕೆಂಪು ಕಲ್ಲುಗಳು, ಉಸಿರಾಡುವ ಚಕ್ರ. ಅಷ್ಟೇ ನೋಡಿ, ಅಂದು ಹಿಡಿದ ಹುಚ್ಚು ಇಂದಿನವರೆಗೂ ಬಿಟ್ಟಿಲ್ಲ. ಸರ್ವೇ ಇಲಾಖೆಯಲ್ಲಿ ಮೂವತ್ತೈದು ವರ್ಷ ಬೇರೆಯವರ ಜಮೀನಿನ ನಕ್ಷೆ ಬರೆದವನಿಗೆ ನಿವೃತ್ತಿಯಾದ ಮೇಲೆ ಏನಾದರೂ ಒಂದು ಬೇಕಿತ್ತು. ಬೇರೆಯವರು ಭಜನೆಗೆ ಹೋದರು, ನಾನು ಹಳೇ ಸಾಮಾನಿನ ಅಂಗಡಿಗಳಿಗೆ ಹೋದೆ.

ಹೆಂಡತಿ ನಳಿನಿ ಇದನ್ನು ಸಂಗ್ರಹ ಎಂದು ಕರೆಯುವುದಿಲ್ಲ, ಗುಜರಿ ಎನ್ನುತ್ತಾಳೆ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂಬ ಗಾದೆಯನ್ನು ಹನ್ನೊಂದು ಸಲ, ಅಂದರೆ ಗಡಿಯಾರಕ್ಕೊಂದರಂತೆ, ಹೇಳಿದ್ದಾಳೆ. ಒಂದು ಆಯುಧ ಪೂಜೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಸ್ಕೂಟರು, ಮಿಕ್ಸಿ, ಇಳಿಗೆಮಣೆಗಳ ಸಾಲಿನಲ್ಲೇ ನನ್ನ ಗಡಿಯಾರಗಳನ್ನೂ ಕೂರಿಸಿ, ಮುಚ್ಚಳ ತೆಗೆದು, ಪ್ರತಿಯೊಂದರ ಯಂತ್ರಕ್ಕೂ ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿದ್ದಳು. ಒಂದೊಂದು ಚಕ್ರದ ಹಲ್ಲಿನಿಂದಲೂ ಕುಂಕುಮ ತೆಗೆಯಲು ನನಗೆ ದೀಪಾವಳಿಯವರೆಗೆ ಹಿಡಿಯಿತು. ಧ್ಯಾನಕ್ಕೆ ಕೂತಿರುವ ಎರಡರಲ್ಲಿ ಒಂದು ಅಂದೇ ಸನ್ಯಾಸ ತೆಗೆದುಕೊಂಡದ್ದು ಎಂದು ನನ್ನ ಗುಮಾನಿ.

ರಿಪೇರಿಗೆ ಕೊಡೋಣವೆಂದರೆ ಈಗಿನ ವಾಚ್ ಅಂಗಡಿಯವರು ಹಿಂದೆ ತೆಗೆದು ನೋಡಿ, "ಸಾರ್, ಇದರಲ್ಲಿ ಸೆಲ್ ಎಲ್ಲಿ ಹಾಕೋದು?" ಅನ್ನುತ್ತಾರೆ. ಹಾಗಾಗಿ ನಾನೇ ಕಲಿತೆ. ಕಲಿತೆ ಅಂದರೆ, ಮೂರನ್ನು ಹಾಳು ಮಾಡಿ ನಾಲ್ಕನೆಯದನ್ನು ಉಳಿಸುವಷ್ಟು. ಅಪ್ಪನದನ್ನು ಮಾತ್ರ ದೇವರಿಗೆ ಹರಕೆ ಹೊತ್ತು ಬಿಚ್ಚಿ, ಎಣ್ಣೆ ಹಾಕಿ ಕೂಡಿಸಿದೆ. ವಾರಕ್ಕೆ ಒಂದು ನಿಮಿಷ ಕೂಡ ಹೆಚ್ಚುಕಮ್ಮಿಯಾಗದೆ ಓಡಿತು. ಅಷ್ಟೇ ಸಾಕಾಯಿತು ನನಗೆ. ಆಮೇಲೆ ಮನೆಗೆ ಯಾರು ಬಂದರೂ, ಗ್ಯಾಸ್ ಸಿಲಿಂಡರಿನವನಾದರೂ ಸರಿ, ಅಪ್ಪನ ಗಡಿಯಾರದ ಮಹಾತ್ಮೆ ಕೇಳದೆ ಹೊರಗೆ ಹೋಗುವಂತಿರಲಿಲ್ಲ. ಬೇರೆ ಗಡಿಯಾರಗಳಲ್ಲಿ ಕಿರೀಟ, ಅಂದರೆ ಕೀ ಕೊಡುವ ತಿರುಪು, ಎಳೆದು ತಿರುವಿದರೆ ಮುಳ್ಳು ತಿರುಗುತ್ತದೆ, ಆದ್ದರಿಂದ ಗೊತ್ತಿಲ್ಲದೆಯೂ ಟೈಮು ಬದಲಾಗಬಹುದು. ಇದರಲ್ಲಿ ಹಾಗಿಲ್ಲ. ಮುಂದಿನ ಗಾಜು ಬಿಚ್ಚಿ, ಉಗುರಿನಷ್ಟು ಚಿಕ್ಕದೊಂದು ಸನ್ನೆಕಡ್ಡಿ ಹೊರಗೆಳೆದರೆ ಮಾತ್ರ ಮುಳ್ಳು ಅಲ್ಲಾಡುವುದು. ರೈಲಿನವರಿಗಾಗಿ ಮಾಡಿದ ಏರ್ಪಾಡು ಅದು. "ಇದು ತಪ್ಪು ಟೈಮು ತೋರಿಸೋಕೆ ಸಾಧ್ಯಾನೇ ಇಲ್ಲ" ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ಈ ಒಂದು ವಾಕ್ಯ ನಮ್ಮ ಕಾವ್ಯಾಳ ಮದುವೆಯನ್ನು ಹೆಚ್ಚುಕಡಿಮೆ ಮುರಿದು ಹಾಕಿತು. ಅದನ್ನೇ ನಿಮಗೆ ಹೇಳಬೇಕೆಂದಿದ್ದೆ, ಗಡಿಯಾರ ಅಂದ ಕೂಡಲೇ ದಾರಿ ತಪ್ಪುತ್ತೇನೆ ನೋಡಿ.

ಕಾವ್ಯ ನನ್ನ ತಂಗಿ ಉಷಾಳ ಮಗಳು. ಅವರ ಮನೆ ಕೆಂಗೇರಿ ಉಪನಗರದಲ್ಲಿ. ಮೂವತ್ತೊಂದು ವಯಸ್ಸು, ಫಿಸಿಯೋಥೆರಪಿ ಮಾಡುತ್ತಾಳೆ; ಜನರ ಮಂಡಿ, ಸೊಂಟ, ಭುಜಗಳನ್ನು ಮಡಚಿ ಬಿಚ್ಚಿ ಕೂಗಿಸುವ ಕೆಲಸ. ಹಾಗೆ ಅವಳು ಕೂಗಿಸಿದವರಲ್ಲಿ ಕಾಮಾಕ್ಷಿಪಾಳ್ಯದ ಸಾವಿತ್ರಮ್ಮ ಒಬ್ಬರು. ಎರಡೂ ಮಂಡಿಗೆ ಆಪರೇಷನ್ ಆಗಿ, ಮಧ್ಯದಲ್ಲಿ ಏನೋ ಏರುಪೇರಾಗಿ ನಾಲ್ಕು ದಿನ ಐಸಿಯುನಲ್ಲಿದ್ದು ಬಂದವರನ್ನು ಕಾವ್ಯ ಮೂರು ತಿಂಗಳು ಬೈದು, ಮುದ್ದು ಮಾಡಿ ನಡೆಸಿದಳು. ಅವರನ್ನು ದಿನಾ ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಿದ್ದವನು ಮಗ ನವೀನ. ಹತ್ತು ಹೊಲಿಗೆ ಯಂತ್ರಗಳ ಚಿಕ್ಕ ಗಾರ್ಮೆಂಟ್ಸ್ ಘಟಕ ಅವನದು. ಅಮ್ಮನ ಮಂಡಿ ವಾಸಿಯಾಗುವ ಹೊತ್ತಿಗೆ ಮಗನಿಗೆ ಬೇರೆ ಕಾಯಿಲೆ ಹತ್ತಿತ್ತು.

ಸಾವಿತ್ರಮ್ಮನಿಗೂ ಹುಡುಗಿ ಇಷ್ಟವೇ. ಆದರೆ ಜಾತಕ ನೋಡಿಸಿದರು. ಕಾವ್ಯಾಳದು ಆಶ್ಲೇಷಾ ನಕ್ಷತ್ರ. ನಿಮಗೆ ಗೊತ್ತಲ್ಲ, ಆಶ್ಲೇಷಾ ಹುಡುಗಿ ಅತ್ತೆಗೆ ಆಗಿಬರುವುದಿಲ್ಲ, ಬಂದಷ್ಟೇ ವೇಗದಲ್ಲಿ ಅತ್ತೆ ಹೋಗುತ್ತಾಳೆ ಎಂದು ನಮ್ಮವರ ನಂಬಿಕೆ. ಈ ಒಂದು ಕಾರಣಕ್ಕೆ ಕಾವ್ಯಾಳಿಗೆ ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು. ಆಗ ಅವಳು ಕ್ಯಾರೇ ಅಂದಿರಲಿಲ್ಲ. ಈ ಸಲ ಹಾಗಲ್ಲ, ಈ ಹುಡುಗ ಅವಳಿಗೆ ಬೇಕಿತ್ತು.

ಅವರ ಜೋಯಿಸರೇ ಒಂದು ಕಂಡಿ ತೋರಿಸಿದ್ದರು. ಕಾವ್ಯ ಹುಟ್ಟಿದ್ದು ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಎಂದು ಜಾತಕದಲ್ಲಿದೆ. ಆಶ್ಲೇಷಾ ಶುರುವಾದದ್ದು ಹನ್ನೆರಡು ಮೂರಕ್ಕೆ. ಎಂಟು ನಿಮಿಷ ಮೊದಲು ಹುಟ್ಟಿದ್ದರೆ ಪುಷ್ಯ, ನಕ್ಷತ್ರಗಳಲ್ಲೆಲ್ಲ ಸಾಧು ನಕ್ಷತ್ರ. ಇದನ್ನು ಕೇಳಿ ಸಾವಿತ್ರಮ್ಮ ಆಸೆಯಿಂದ ಹುಡುಗಿಯ ಸೋದರಮಾವನಿಗೆ, ಅಂದರೆ ನನಗೆ, ಫೋನು ಮಾಡಿದರು. "ಸಾರ್, ಹುಟ್ಟಿದ ಟೈಮು ಕರೆಕ್ಟಾಗೇ ಬರ್ಸವ್ರಾ? ಒಂದೆಂಟು ನಿಮಿಷ ಹಿಂದೆ ಮುಂದೆ ಏನಾರ ಇರಬೋದಾ?"

ಇಷ್ಟು ಚೆನ್ನಾಗಿ ಬಾಳೆಹಣ್ಣು ಸುಲಿದು ಬಾಯಿಗಿಟ್ಟರೆ ಯಾವ ದಡ್ಡನಾದರೂ ನುಂಗುತ್ತಾನೆ. ನಾನು ಹೇಳಿದೆ: "ಎಂಟು ನಿಮಿಷನಾ? ಎಂಟು ಸೆಕೆಂಡೂ ವ್ಯತ್ಯಾಸ ಇರಲ್ಲಮ್ಮ! ನಮ್ಮ ತಂದೆಯವರು ಆಸ್ಪತ್ರೆ ಬಾಗಿಲಲ್ಲಿ ಅಮೆರಿಕನ್ ಗಡಿಯಾರ ಹಿಡ್ಕೊಂಡು ನಿಂತು ಬರೆದದ್ದು. ಅದು ತಪ್ಪು ಟೈಮು ತೋರಿಸೋಕೆ ಸಾಧ್ಯಾನೇ ಇಲ್ಲ." ಆಮೇಲೆ ಸನ್ನೆಕಡ್ಡಿಯ ವಿಚಾರವನ್ನೂ ವಿವರಿಸಿದೆ. ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿತು. "ಸರಿ ಬಿಡಿ ಸಾರ್" ಎಂದು ಫೋನಿಟ್ಟರು. ಗಡಿಯಾರದ ಬಗ್ಗೆ ಇಷ್ಟು ಗೌರವದಿಂದ ಯಾರೂ ಕೇಳಿರಲಿಲ್ಲ ಎಂದು ನಾನು ಆ ದಿನವಿಡೀ ಖುಷಿಯಲ್ಲಿದ್ದೆ.

ಮರುದಿನ ಕಾವ್ಯ ಕೆಂಗೇರಿಯಿಂದ ಮೆಟ್ರೊ ಹತ್ತಿ ಅತ್ತಿಗುಪ್ಪೆಯಲ್ಲಿ ಇಳಿದು ಸೀದಾ ಬಂದಳು. ಚಪ್ಪಲಿ ಬಿಟ್ಟ ಸದ್ದಿನಲ್ಲೇ ನಳಿನಿ ಅಡುಗೆಮನೆ ಸೇರಿಕೊಂಡಳು.

"ಮಾಮ, ನಿಂಗೆ ತಲೆ ಇದ್ಯಾ?" ಅಂದಳು ಕಾವ್ಯ. "ಅವ್ರು ಅಷ್ಟು ಆಸೆಯಿಂದ ಕೇಳಿದ್ರೆ, ಇರಬಹುದಮ್ಮ ಅನ್ನಕ್ಕೆ ನಿನ್ನ ಗಂಟೇನು ಹೋಗ್ತಿತ್ತು? ನಿನ್ನ ಗಡಿಯಾರ ದೊಡ್ಡದಾ, ನಾನು ದೊಡ್ಡವಳಾ?"

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ. "ಆ ಡಬ್ಬಾನ ತಂದ್ಕೊಡು. ಮಿಕ್ಸಿಗೆ ಹಾಕ್ತೀನಿ." ಹೇಳಿದವಳು ಸೋಫಾದ ಮೇಲೆ ಕೂತು ಜೋರಾಗಿ ಅಳಲು ಶುರುಮಾಡಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಎಸ್ಸೆಸ್ಸೆಲ್ಸಿಯ ಗಣಿತದ ಪರೀಕ್ಷೆಯ ನಂತರ ಅದೇ ಮೊದಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಎರಡನ್ನೂ ಒಂದೇ ಫೋನಿನಲ್ಲಿ ಮುಗಿಸಿದ್ದೆ.

ಆಗ ಮೂಲೆಯ ಕುರ್ಚಿಯಿಂದ ಅಮ್ಮ ಮಾತಾಡಿದಳು. ಅಮ್ಮನಿಗೆ ಎಂಬತ್ತನಾಲ್ಕು. ಹೂಬತ್ತಿ ಮಾಡುತ್ತ ಕೂತಿದ್ದವಳು ತಲೆಯನ್ನೂ ಎತ್ತದೆ, "ಯಾವ ಗಡಿಯಾರಾನೋ? ನಿಮ್ಮಪ್ಪಂದಾ? ಅದು ಯಾವತ್ತು ಸರಿಯಾದ ಟೈಮು ತೋರಿಸಿತ್ತು?" ಅಂದಳು.

"ಏನಮ್ಮ ಹಾಗಂದ್ರೆ?"

"ಫ್ಯಾಕ್ಟ್ರಿ ಗೇಟು ಹಾಕ್ಬಿಡ್ತಾರೆ ಅಂತ ಪ್ರಾಣಭಯ ಅವರಿಗೆ. ಅದಕ್ಕೇ ಯಾವಾಗ್ಲೂ ಕಾಲು ಗಂಟೆ ಮುಂದೆ ಇಟ್ಟಿರ್ತಿದ್ರು. ನಿಂಗೆ ಗೊತ್ತಿರ್ಲಿಲ್ವಾ? ನೀನು ಅದೇನೋ ಸಂಶೋಧನೆ ಮಾಡ್ತೀಯಲ್ಲ."

ನಿಮ್ಮ ಮನೆಯಲ್ಲೂ ಇದು ನಡೆದಿರುತ್ತದೆ, ನಗಬೇಡಿ. ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವುದು, ಆಮೇಲೆ ಮನೆಮಂದಿಯೆಲ್ಲ ಅದನ್ನು ನೋಡಿದಾಗ ಮನಸ್ಸಿನಲ್ಲೇ ಹತ್ತು ಕಳೆದು ನಿಧಾನವಾಗಿ ಹೊರಡುವುದು, ಬಸ್ಸು ತಪ್ಪಿಸಿಕೊಳ್ಳುವುದು. ನಮ್ಮನ್ನು ನಾವೇ ಮೋಸ ಮಾಡಿ, ಆ ಮೋಸ ನಮಗೆ ಗೊತ್ತಿದ್ದು, ಆದರೂ ಮುಂದುವರಿಸುವ ಈ ವಿದ್ಯೆ ಇನ್ನಾವ ದೇಶದಲ್ಲಿದೆಯೋ ಕಾಣೆ. ಅಮೆರಿಕದ ಯಾವನೋ ಎಂಜಿನಿಯರು ತಪ್ಪೇ ಆಗಬಾರದೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸನ್ನೆಕಡ್ಡಿ ಕಂಡುಹಿಡಿದ. ರಾಜಾಜಿನಗರದ ಫಿಟ್ಟರ್ ಒಬ್ಬ ಅದೇ ಕಡ್ಡಿಯನ್ನು ಎಳೆದು, ಬೇಕೆಂದೇ ಹದಿನೈದು ನಿಮಿಷ ತಪ್ಪಿಟ್ಟು, ಗಾಜು ಮುಚ್ಚಿ ಭದ್ರ ಮಾಡಿದ. ಆ ತಪ್ಪು ಅಪ್ಪನ ಜೇಬಿನಲ್ಲಿ ಮೂವತ್ತು ವರ್ಷ ಒಂದು ಸೆಕೆಂಡೂ ಅಲ್ಲಾಡದೆ ಹಾಗೇ ಇತ್ತು. ಮೂವತ್ತು ವರ್ಷ! ಅದರೊಳಗಿನ ಹದಿನೇಳು ಕೆಂಪು ಕಲ್ಲುಗಳ ಲೆಕ್ಕ ಗೊತ್ತಿದ್ದ ನನಗೆ ಇದೊಂದು ಗೊತ್ತಿರಲಿಲ್ಲ. ಅಪ್ಪನ ಗಡಿಯಾರದ ಮುಂದೆ ನಿಂತು ಇಂಗು ತಿಂದ ಮಂಗನಂತಾದೆ.

ಕಾವ್ಯ ಅಳು ನಿಲ್ಲಿಸಿದಳು. "ಅಂದ್ರೆ ನಾನು ಹನ್ನೆರಡು ಇಪ್ಪತ್ತೈದಕ್ಕೆ ಹುಟ್ಟಿದ್ದಾ?"

"ಅಲ್ವೇ, ಗಡಿಯಾರ ಮುಂದಿದ್ರೆ ನೀನು ಹಿಂದೆ" ಎಂದು ನಳಿನಿ ಅಡುಗೆಮನೆಯಿಂದ ಹೊರಬಂದಳು.

"ಹಿಂದೆ ಅಂದ್ರೆ ಆಮೇಲೆ ತಾನೆ ಅತ್ತೆ?"

"ಹಿಂದೆ ಅಂದ್ರೆ ಮೊದಲು."

ಮೂವರು ಪದವೀಧರರು ಊಟದ ಮೇಜಿನ ಮೇಲೆ ಎರಡು ಲೋಟ, ಒಂದು ಚಮಚ ಇಟ್ಟುಕೊಂಡು ಅರ್ಧ ಗಂಟೆ ಜಗಳವಾಡಿದೆವು. ಕೊನೆಗೆ ಒಪ್ಪಿಗೆಯಾಯಿತು: ಗಡಿಯಾರದಲ್ಲಿ ಹನ್ನೆರಡು ಹತ್ತು ಇದ್ದಾಗ ನಿಜವಾಗಿ ಹನ್ನೊಂದು ಐವತ್ತೈದು. ಅಂದರೆ ಪುಷ್ಯ! ಕಾವ್ಯ ಎದ್ದು ಅಜ್ಜಿಯನ್ನು ತಬ್ಬಿಕೊಂಡಳು, ಹೂಬತ್ತಿಗಳೆಲ್ಲ ಚೆಲ್ಲಾಪಿಲ್ಲಿಯಾದವು.

ಆದರೆ ನಳಿನಿ ಸುಮ್ಮನಿರುವವಳಲ್ಲ. "ಒಂದು ವಿಷಯ. ಮಾವನೋರಿಗೆ ಅದು ಮುಂದಿದೆ ಅಂತ ಗೊತ್ತಿತ್ತಲ್ಲ. ಬರೆಯೋವಾಗ ಕಳೆದೇ ಬರೆದಿದ್ರೆ?" ಅಂದಳು. ಕಳೆದು ಬರೆದಿದ್ದರೆ ಹನ್ನೆರಡು ಹತ್ತೇ ನಿಜ, ಆಶ್ಲೇಷವೇ ಗಟ್ಟಿ. ಎಲ್ಲರೂ ಅಮ್ಮನ ಕಡೆ ನೋಡಿದೆವು. ಅಮ್ಮ ನೆಲದ ಮೇಲಿನ ಬತ್ತಿಗಳನ್ನು ತೋರಿಸಿ, "ಆರಿಸಿಕೊಡ್ರೇ ಮೊದಲು" ಅಂದಳು. ಕಾವ್ಯ ಹುಟ್ಟಿದ ನರ್ಸಿಂಗ್ ಹೋಮ್ ಮುಚ್ಚಿ, ಅಲ್ಲೀಗ ಸೋಫಾ ಮಾರುತ್ತಾರೆ. ಅಲ್ಲಿ ಕೊಟ್ಟಿದ್ದ ಚೀಟಿಯನ್ನು ಉಷಾ ಯಾವ ಡಬ್ಬಿಯಲ್ಲಿಟ್ಟಿದ್ದಳೋ, ಗೆದ್ದಲಿಗೆ ಗೊತ್ತು.

ಆದದ್ದಾಗಲೆಂದು ನಾನೇ ಸಾವಿತ್ರಮ್ಮನಿಗೆ ಫೋನು ಮಾಡಿದೆ. ಗಡಿಯಾರ ಕಾಲು ಗಂಟೆ ಮುಂದಿರುತ್ತಿತ್ತಂತೆ ಎಂದು ಹೇಳಿಬಿಟ್ಟೆ. "ಅವತ್ತು ಎಂಟು ಸೆಕೆಂಡೂ ಇಲ್ಲ ಅಂದ್ರಿ" ಎಂದರು ಅವರು. ನ್ಯಾಯವಾದ ಮಾತು. "ಭಾನುವಾರ ಬರ್ತೀನಿ ಸಾರ್. ಪೀಸು ನೋಡ್ದೆ ನಾನೇನೂ ಹೇಳಲ್ಲ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದರು. ಹಿಂದೆ ನವೀನ, ಹಬ್ಬದ ಹೋತದ ಹಾಗೆ ತಲೆ ತಗ್ಗಿಸಿಕೊಂಡು. ಉಷಾ, ಕಾವ್ಯ ಆಗಲೇ ಬಂದಿದ್ದರು. ಮಂಡಿಗಳ ಮೇಲೆ ಕೈಯಿಟ್ಟುಕೊಂಡು ಸಾವಿತ್ರಮ್ಮ ಕೂತ ರೀತಿಯಲ್ಲೇ ಇದು ಸುಲಭದ ವ್ಯವಹಾರವಲ್ಲವೆಂದು ತಿಳಿಯಿತು. ಮಗ ಸ್ವಂತ ಘಟಕ ಹಾಕುವ ಮೊದಲು ಅವರು ಗಾರ್ಮೆಂಟ್ಸ್ ಒಂದರಲ್ಲಿ ಇಪ್ಪತ್ತೆಂಟು ವರ್ಷ ಚೆಕಿಂಗ್ ಮಾಡಿದವರು. ಹೊರದೇಶಕ್ಕೆ ಹೋಗುವ ಅಂಗಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ತಪ್ಪಿದ ಹೊಲಿಗೆಗೆ ಕೆಂಪು ಅಂಟುಚೀಟಿ ಹಚ್ಚಿ ಎಸೆಯುವ ಕೆಲಸ.

ನಾನು ಗಡಿಯಾರ ತಂದು ಕೈಗಿಟ್ಟೆ. "ಇದು ಎಕ್ಸ್‌ಪೋರ್ಟ್ ಪೀಸು ಅಮ್ಮ" ಅಂದೆ.

ಸಾವಿತ್ರಮ್ಮನ ಕಣ್ಣು ಅರಳಿತು. "ಎಕ್ಸ್‌ಪೋರ್ಟಾ? ಯಾವ ದೇಶಕ್ಕೆ?"

"ನಮಗೇ. ಅಮೆರಿಕದವರು ಕಳಿಸಿದ್ದು."

"ಅಯ್ ಶಿವನೇ! ನಾವು ಅವ್ರಿಗೆ ಸರ್ಟು ಹೊಲ್ದು ಹೊಲ್ದು ಸಾಯ್ತಿದ್ರೆ, ಅವ್ರೂ ನಮಗೆ ಕಳಿಸಿದ್ರಾ?" ಎಂದು ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಕಾಲರು ಮಗುಚಿದಂತೆ ಗಡಿಯಾರವನ್ನು ಮಗುಚಿ ನೋಡಿದರು. ಹಿಂದಿನ ಮುಚ್ಚಳ ತೆಗೆದು ತೋರಿಸಿದೆ. ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದರು. "ಏನ್ ಫಿನಿಶಿಂಗ್ ಸಾರ್! ಒಳಗಡೆ ಯಾರ್ ನೋಡ್ತಾರೆ ಅಂತ ಬಿಟ್ಟಿಲ್ಲ ನೋಡಿ" ಎಂದರು. ಐದು ವರ್ಷದ ಸಂಗ್ರಹದಲ್ಲಿ ನನಗೆ ಸಿಕ್ಕಿದ ಏಕೈಕ ನಿಜವಾದ ರಸಿಕರು ಅವರು. ಸಂದರ್ಭ ಬೇರೆಯಾಗಿದ್ದರೆ ಉಳಿದ ಹತ್ತನ್ನೂ ತಂದು ಮುಂದಿಡುತ್ತಿದ್ದೆ. ತರಲು ಎದ್ದೂ ಇದ್ದೆ, ನಳಿನಿ ಕಣ್ಣಿನಲ್ಲೇ ಕೂರಿಸಿದಳು.

"ಇದರಲ್ಲಿ ಡಿಫೆಕ್ಟಿಲ್ಲ" ಎಂದು ಸಾವಿತ್ರಮ್ಮ ತೀರ್ಪು ಕೊಟ್ಟರು.

"ಡಿಫೆಕ್ಟು ಪೀಸಿಂದಲ್ಲ ಸಾವಿತ್ರಮ್ಮ, ಆಪರೇಟರ್‌ದು" ಅಂದಳು ನಳಿನಿ. ಸೊಸೆ ಮಾವನ ಬಗ್ಗೆ ಆಡುವ ಮಾತಲ್ಲ, ಆದರೂ ಕೆಲಸಕ್ಕೆ ಬಂತು. ಸಾವಿತ್ರಮ್ಮ ತಲೆಯಾಡಿಸಿದರು. ಆಪರೇಟರ್‌ನ ತಪ್ಪು ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. "ಹಂಗಾದ್ರೆ ಒಂದು ಪೀಸು ನೋಡಿ ಇಡೀ ಲಾಟು ಪಾಸ್ ಮಾಡಕ್ಕಾಗಲ್ಲ. ಇದೇ ಗಡಿಯಾರ ನೋಡಿ ಯಜಮಾನ್ರು ಇನ್ನ್ಯಾರ್ ಯಾರ್ದು ಬರ್ದವ್ರೆ? ಅವನ್ನೂ ತೆಗೀರಿ. ಆಸ್ಪತ್ರೆ ಚೀಟಿ ಜೊತೆ ಇಟ್ಟು ನೋಡಾಣ."

ಇಷ್ಟು ದಿನ ನಮಗ್ಯಾರಿಗೂ ಹೊಳೆಯದ ಉಪಾಯ. ಅಪ್ಪ ಮನೆಯ ಎಲ್ಲ ಹೆರಿಗೆಗೂ ಕರೆಯದ ಅತಿಥಿ. ಗಡಿಯಾರ ಹಿಡಿದು ಬಾಗಿಲಲ್ಲಿ ನಿಲ್ಲುವುದು ಅವರ ಹಕ್ಕು. ನಳಿನಿ ಬೀರುವಿನಿಂದ ನಮ್ಮ ಮಗನ ಹೆರಿಗೆಯ ಚೀಟಿ ತಂದಳು, ಬಸವೇಶ್ವರನಗರದ ಆಸ್ಪತ್ರೆಯದು. ಚೀಟಿಯಲ್ಲಿ ನಾಲ್ಕು ಇಪ್ಪತ್ತೈದು. ಅಪ್ಪ ಬರೆಸಿದ ಜಾತಕದಲ್ಲಿ ನಾಲ್ಕು ನಲವತ್ತು. ಸರಿಯಾಗಿ ಹದಿನೈದು ನಿಮಿಷ! ಅಂದರೆ ಅಪ್ಪ ಕಳೆದಿರಲಿಲ್ಲ! ನವೀನ ಮೊದಲ ಸಲ ತಲೆ ಎತ್ತಿದ. ಉಷಾ ಕೈಮುಗಿದಳು. ನಮ್ಮ ಮಗನ ಲಗ್ನ ಏನಾದರೂ ಬದಲಾಗಿದೆಯೋ, ಇಷ್ಟು ವರ್ಷ ಅವನಿಗೆ ಮಾಡಿಸಿದ ಶಾಂತಿಯೆಲ್ಲ ಯಾರಿಗೆ ಸಂದಿತೋ ಎಂದು ಕೇಳುವ ಧೈರ್ಯ ಆ ಖುಷಿಯಲ್ಲಿ ಯಾರಿಗೂ ಬರಲಿಲ್ಲ.

"ಇನ್ನೊಂದು ತೆಗೀರಿ" ಎಂದರು ಸಾವಿತ್ರಮ್ಮ.

ಉಷಾ ಚೀಲ ತಡಕಿ, ಜಾತಕಗಳ ಜೊತೆ ತಂದಿದ್ದ ತನ್ನ ಎರಡನೇ ಮಗುವಿನ, ಅಂದರೆ ಕಾವ್ಯಾಳ ತಮ್ಮನ, ಚೀಟಿ ಕೊಟ್ಟಳು. ಅದನ್ನು ಗೆದ್ದಲು ಬಿಟ್ಟಿತ್ತು, ಬಿಡಬಾರದಿತ್ತು. ಚೀಟಿಯಲ್ಲಿ ಒಂಬತ್ತು ಐದು. ಜಾತಕದಲ್ಲಿಯೂ ಒಂಬತ್ತು ಐದು. ಅಲ್ಲಿ ಅಪ್ಪ ಕಳೆದಿದ್ದರು.

ಒಂದು ಕಡೆ ಕಳೆದಿದ್ದಾರೆ, ಒಂದು ಕಡೆ ಕಳೆದಿಲ್ಲ. ಮೂರನೆಯ ಚೀಟಿಯಿಲ್ಲ. ಈ ಅಪ್ಪನಿಗಿಂತ ಅಪ್ಪನ ಗಡಿಯಾರವೇ ವಾಸಿ, ಕನಿಷ್ಠ ಅದು ಒಂದೇ ಥರ ತಪ್ಪಿರುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾದರೆ ಯಂತ್ರದ ಓಟದಲ್ಲಿ ಆಗುವ ವ್ಯತ್ಯಾಸದ ಬಗ್ಗೆ ಏನೋ ತೊದಲಿದೆ.

"ಮಾಮ, ಸಾಕು" ಅಂದಳು ಕಾವ್ಯ. ಎದ್ದು ಸಾವಿತ್ರಮ್ಮನ ಮುಂದೆ ನಿಂತಳು. "ಆಂಟಿ, ಮೂರು ತಿಂಗಳು ನಿಮ್ಮ ಕಾಲು ನನ್ನ ತೊಡೆ ಮೇಲಿಟ್ಕೊಂಡು ನಡೆಸಿದ್ದೀನಿ. ಆಗ ನನ್ನ ನಕ್ಷತ್ರ ಯಾವುದಿತ್ತು?"

ನವೀನ "ಕಾವ್ಯಾ" ಅಂದ. ಸಾವಿತ್ರಮ್ಮ ಅವನನ್ನು ಕೈಸನ್ನೆಯಲ್ಲೇ ಸುಮ್ಮನಾಗಿಸಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಕಣ್ಣು ತುಂಬಿ ಬಂದಿತ್ತು.

"ಗೊತ್ತು ಕಣವ್ವ. ನೀನೇ ನಡೆಸಿದ್ದು. ಅದಕ್ಕೇ ಇನ್ನೊಂದಷ್ಟು ದಿನ ನಡೀಬೇಕು ಅಂತ ಆಸೆ. ಐಸಿಯುನಲ್ಲಿ ನಾಲ್ಕು ದಿನ ಮಲಗಿದ್ನಲ್ಲ, ಆಗಿಂದ ನಂಗೆ ಸಾಯಕ್ಕೆ ಭಯ. ಮಗನ ಮುಂದೆ ಹೇಳ್ಕಳಕ್ಕೆ ನಾಚಿಕೆ, ಆದ್ರೂ ಹೇಳ್ತೀನಿ, ಭಯ. ನೀನು ಬೇಡ ಅಂತಲ್ಲ. ನನ್ನ ಭಯಕ್ಕೊಂದು ಸಮಾಧಾನ ಬೇಕು."

ಇಷ್ಟು ನೇರವಾಗಿ ಹೇಳಿದ ಮೇಲೆ ಅವರನ್ನು ಮೂಢನಂಬಿಕೆಯವರು ಎಂದು ಬೈಯಲು ಯಾರಿಗೆ ಬಾಯಿ ಬರುತ್ತದೆ? ನನಗೆ ಬರಲಿಲ್ಲ. ಕಾವ್ಯಾಳಿಗೂ ಬರಲಿಲ್ಲ. ಅವಳು ಅಲ್ಲೇ 'ಆಂಟಿ'ಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. ಮುಗಿಯಿತು ಕಥೆ ಎಂದುಕೊಂಡೆ.

"ಅವತ್ತು ಅವರು ಕಳೀಲಿಲ್ಲ" ಎಂದಿತು ಮೂಲೆಯ ಕುರ್ಚಿ.

ಎಲ್ಲರೂ ಅಮ್ಮನತ್ತ ತಿರುಗಿದೆವು.

"ನಾನು ಪಕ್ಕದಲ್ಲೇ ನಿಂತಿದ್ದೆ" ಅಂದಳು ಅಮ್ಮ, ಬತ್ತಿ ಹೊಸೆಯುವುದನ್ನು ನಿಲ್ಲಿಸಿ. "ನರ್ಸು ಬಂದು ಹೆಣ್ಣು ಮಗು ಅಂದ್ಲು. ಮೊದಲನೇ ಮೊಮ್ಮಗಳು ನೋಡಿ, ಇವರು ಕುಣಿದ್ಬಿಟ್ರು. ಆಸ್ಪತ್ರೆ ಅಂತಾನೂ ನೋಡ್ಲಿಲ್ಲ. ಗಡಿಯಾರ ನೋಡಿದ್ರು, ಹಂಗೇ ಬರ್ಕೊಂಡ್ರು. ಹದಿನೈದು ಕಳೀರಿ ಅಂತ ನಾನು ಹೇಳ್ದೆ. ಕೇಳಿಸ್ಕೊಳ್ಳೋ ಸ್ಥಿತೀಲಿ ಇರ್ಲಿಲ್ಲ ಪುಣ್ಯಾತ್ಮ. ಸಂತೋಷದಲ್ಲಿ ಲೆಕ್ಕ ಎಲ್ಲಿ ನೆನಪಿರತ್ತೆ, ನೀವೇ ಹೇಳಿ. ಇವಳ ತಮ್ಮ ಹುಟ್ಟಿದಾಗ ಹಳಬರಾಗಿದ್ರು, ಸರಿಯಾಗಿ ಕಳೆದು ಬರೆದ್ರು."

ಸಾವಿತ್ರಮ್ಮ ಅಮ್ಮನ ಮುಖವನ್ನೇ ದಿಟ್ಟಿಸಿದರು, ಟ್ಯೂಬ್‌ಲೈಟಿನ ಕೆಳಗೆ ಹೊಲಿಗೆ ನೋಡುವಂತೆ. ಅಮ್ಮ ಕಣ್ಣು ಮಿಟುಕಿಸಲಿಲ್ಲ. ಎಂಬತ್ತನಾಲ್ಕು ವರ್ಷದ, ಹಣೆಯಲ್ಲಿ ಕುಂಕುಮವಿಲ್ಲದ ಮುಖ, ಅದರಲ್ಲಿ ಒಂದು ಎಳೆಯೂ ಆಚೀಚೆ ಇರಲಿಲ್ಲ.

"ಹಿರಿಯರು ನೀವು ಕಣ್ಣಾರೆ ಕಂಡಿದ್ದು ಅಂದ್ಮೇಲೆ ಮುಗೀತು" ಎಂದು ಸಾವಿತ್ರಮ್ಮ ದೊಡ್ಡದಾಗಿ ಉಸಿರು ಬಿಟ್ಟರು. ಕಾವ್ಯಾಳ ತಲೆ ಸವರಿದರು. "ಪುಷ್ಯ. ಪಾಸು. ಎಲ್ರಮ್ಮ, ಕೇಸರಿಬಾತ್ ವಾಸ್ನೆ ಆವಾಗಿಂದ ಬರ್ತೈತೆ, ಕೊಡಲ್ವಾ?"

ಮುಂದಿನ ಗದ್ದಲವನ್ನು ವಿವರಿಸುವುದಿಲ್ಲ. ಉಷಾ ಅತ್ತಳು, ನಳಿನಿ ಬಡಿಸಿದಳು, ನವೀನ ನನ್ನ ಕಾಲಿಗೆ ಬೀಳಲು ಬಂದು ಕಾಫಿ ಚೆಲ್ಲಿದ. ಅವರೆಲ್ಲ ಹೊರಟಾಗ ಸಾವಿತ್ರಮ್ಮ ಕಾವ್ಯಾಳ ಕೈ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದರು. "ಬಲಗಾಲು ಮೊದ್ಲು ಆಂಟಿ, ಎಷ್ಟು ಸಲ ಹೇಳ್ಬೇಕು" ಎಂದು ಇವಳು ಗದರುತ್ತಿದ್ದದ್ದು ಕೆಳಗಿನವರೆಗೂ ಕೇಳಿಸಿತು.

ನಾನು ಒಳಗೆ ಬಂದು ಅಮ್ಮನ ಪಕ್ಕ ಕೂತೆ. ಅಪ್ಪ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಣಿದ ಚಿತ್ರ ನನ್ನ ಕಣ್ಣಿಗೆ ಕಟ್ಟಿತ್ತು. ನನಗೆ ಗೊತ್ತಿದ್ದ ಅಪ್ಪ ಯಾವತ್ತೂ ಕುಣಿದವರಲ್ಲ. "ಅಮ್ಮ, ಅಪ್ಪ ನಿಜವಾಗ್ಲೂ ಕುಣಿದ್ರಾ?" ಎಂದು ಕೇಳಿದೆ.

"ನಂಗೇನೋ ಗೊತ್ತು?" ಅಂದಳು ಅಮ್ಮ. "ನಾನೆಲ್ಲಿದ್ದೆ ಅಲ್ಲಿ? ಮನೇಲಿ ಬಾಣಂತಿಗೆ ಮೆಣಸು ಹುರೀತಾ ಕೂತಿದ್ದೆ."

ನಾನು ಕೂತಲ್ಲಿಂದ ಎದ್ದೇಬಿಟ್ಟೆ. "ಅಮ್ಮಾ! ಆ ಹೆಂಗಸು ನಿನ್ನ ಮಾತು ನಂಬ್ಕೊಂಡು ಹೋದ್ರು. ನಾಳೆ ಕಾವ್ಯಂದು ನಿಜವಾಗಿ ಆಶ್ಲೇಷಾನೇ ಆಗಿದ್ರೆ ಏನ್ ಗತಿ?"

ಅಮ್ಮ ಹೂಬತ್ತಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ಎದ್ದಳು.

"ಆದ್ರೆ ಏನೀಗ? ನಂದೂ ಆಶ್ಲೇಷಾನೇ ಕಣೋ. ನಮ್ಮಪ್ಪ ಜೋಯಿಸರಿಗೆ ಹೇಳಿ ಪುಷ್ಯ ಅಂತ ಬರೆಸಿ ಮದುವೆ ಮಾಡಿದ್ರು. ನಮ್ಮತ್ತೆ ತೊಂಬತ್ತಮೂರು ವರ್ಷ ಬದುಕಿದ್ಲು. ನಾನೂ ದಿನಾ ಕಾದೆ, ಏನೂ ಆಗ್ಲಿಲ್ಲ."